ಇಸ್ಪೀಟಿನ ಲೆಕ್ಕ ನಮಗೂ ಬರಲಿ

ನಮ್ಮ ಕಡೆ ಯುಗಾದಿ ಎಂದರೆ ಬೇವು-ಬೆಲ್ಲ ಎಷ್ಟು ನಿಜವೋ ಇಸ್ಪೀಟೂ ಅಷ್ಟೇ ನಿಜ. ತುಮಕೂರು, ಹಾಸನ, ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಎಣ್ಣೆಸ್ನಾನ, ಪಂಚಾಂಗ ಶ್ರವಣ, ಮಧ್ಯಾಹ್ನ ಒಬ್ಬಟ್ಟಿನ ಊಟ. ಊಟದ ಎಲೆ ಎತ್ತುವ ಮೊದಲೇ ಆಟದ ಎಲೆ ಬೀಳುತ್ತದೆ. ಜಗಲಿಯ ಮೇಲೆ, ಅರಳಿಕಟ್ಟೆಯಲ್ಲಿ, ತೆಂಗಿನ ತೋಟದ ನೆರಳಿನಲ್ಲಿ ಜಮಖಾನ ಹಾಸಿ ಗಂಡಸರು ದುಂಡಗೆ ಕೂತರೆಂದರೆ ದೀಪ ಹಚ್ಚಿದ ಮೇಲೂ ಏಳುವುದಿಲ್ಲ. "ವರ್ಷಕ್ಕೊಂದು ದಿನ, ಹಬ್ಬದ ಶಾಸ್ತ್ರ" ಎಂಬ ಸಮಾಧಾನ ಬೇರೆ. ಆ ಶಾಸ್ತ್ರದಲ್ಲಿ ನಮ್ಮ ಪಾಲು ಯಾವುದು? ಕಾಫಿ, ಕೋಡುಬಳೆ, ಮತ್ತೆ ಕಾಫಿ. ತಟ್ಟೆ ಹಿಡಿದು ಹೋಗುವುದು, ಖಾಲಿ ಲೋಟ ತೆಗೆದುಕೊಂಡು ಬರುವುದು. ಜಮಖಾನದ ಮೇಲೆ ಏನು ನಡೆಯುತ್ತಿದೆ ಎಂದು ಒಂದು ಗಳಿಗೆ ನಿಂತು ನೋಡಿದರೆ, "ನಿಮಗೇನು ಕೆಲಸ ಇಲ್ಲಿ, ಒಳಗೆ ಹೋಗಿ" ಎನ್ನುವವರು ಗಂಡಸರಲ್ಲ, ನಮ್ಮ ಅತ್ತೆಯೋ ಅಮ್ಮನೋ.

ನನ್ನ ಅಮ್ಮನೂ ಹಾಗೇ ಅಂದವಳು. 1968ರ ಯುಗಾದಿ, ನನಗೆ ಹತ್ತು ವರ್ಷ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಹಬ್ಬದ ಆಟ ಹಬ್ಬಕ್ಕೆ ನಿಲ್ಲದೆ ಊರಿನ ಒಂದು ಕ್ಲಬ್ಬಿನ ಮೆಟ್ಟಿಲು ಹತ್ತಿ ಎರಡು ವರ್ಷವಾಗಿತ್ತು. ಅಮ್ಮನ ನಾಲ್ಕು ಬಂಗಾರದ ಬಳೆ "ರಿಪೇರಿಗೆ" ಹೋಗಿದ್ದವು. ಅವು ಎಂದೂ ರಿಪೇರಿಯಾಗಿ ಬರಲಿಲ್ಲ. ಆ ದಿನ ಜಗಲಿಯ ಮೇಲೆ ಬಿದ್ದಿದ್ದ ಆಟೀನ್ ರಾಣಿಯ ಎಲೆಯನ್ನು, ಚಿತ್ರ ಚೆನ್ನಾಗಿದೆ ಎಂದು ನಾನು ಎತ್ತಿಕೊಂಡೆ. ಅಮ್ಮ ಗಾಜಿನ ಬಳೆಯ ಕೈಯಿಂದಲೇ ಬಾರಿಸಿದಳು. "ಹೆಣ್ಣುಮಕ್ಕಳು ಇದನ್ನ ಮುಟ್ಟಬಾರದು. ಮುಟ್ಟಿದರೆ ಮನೆ ಹಾಳಾಗುತ್ತೆ."

ಐವತ್ತೈದು ವರ್ಷ ನಾನು ಆ ಮಾತನ್ನು ನಂಬಿದೆ, ನನ್ನ ಮಕ್ಕಳಿಗೂ ಹೇಳಿದೆ. ಆದರೆ ಅಮ್ಮ ಜನ್ಮದಲ್ಲಿ ಒಂದು ಎಲೆಯನ್ನೂ ಮುಟ್ಟಿದವಳಲ್ಲ. ಮನೆ ಹಾಳಾಗಲಿಲ್ಲವೇ? ಬಳೆ ಉಳಿಯಿತೇ? ಇಷ್ಟು ಸಣ್ಣ ಪ್ರಶ್ನೆ ನನ್ನ ತಲೆಗೆ ಹೊಳೆಯಲು ನನಗೆ ಅರವತ್ತೈದಾಗಬೇಕಾಯಿತು.

ಹೊಳೆಸಿದ್ದು ನನ್ನ ತಂಗಿ. 2023ರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಅಕ್ಕಾ, ಪೋಕರ್ ಅಂದ್ರೆ ಏನಕ್ಕಾ?" ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಅವಳ ಮಗ ಮೊಬೈಲಿನಲ್ಲಿ ಆಡಿ ನಾಲ್ಕು ಲಕ್ಷ ಚಿಲ್ಲರೆ ಕಳೆದಿದ್ದ. ಅದರಲ್ಲಿ ತಂಗಿಯ ಅವಲಕ್ಕಿ ಸರವನ್ನೂ ಬಳೆಗಳನ್ನೂ ಅಡವಿಟ್ಟು ತೆಗೆದ ಸಾಲವೂ ಸೇರಿತ್ತು. ಅಡವಿಟ್ಟವಳು, ರುಜು ಹಾಕಿದವಳು ಅವಳೇ. ಒಂದು ಸಲವಲ್ಲ, ಎರಡು ಸಲ. ಮಗ ಮೊದಲ ಸಲ ಹೇಳಿದ್ದ: "ಇದು ಜೂಜಲ್ಲಮ್ಮ, ಸ್ಕಿಲ್ ಗೇಮು, ಹೈಕೋರ್ಟೇ ಹೇಳಿದೆ." ಎರಡನೆಯ ಸಲ: "ಹೋಗಿರೋದು ವಾಪಸ್ ಬರೋಕೆ ಇನ್ನೊಂದು ಸ್ವಲ್ಪ ಬೇಕಮ್ಮ." ಅವಳಿಗೆ ಸ್ಕಿಲ್ ಎಂದರೇನೋ ತಿಳಿಯದು, ಹೈಕೋರ್ಟು ಏನು ಹೇಳಿತೋ ತಿಳಿಯದು, ಇನ್ನೊಂದು ಸ್ವಲ್ಪ ಹಾಕಿದರೆ ಹೋದದ್ದು ಹೇಗೆ ಬರುತ್ತದೆಂಬುದೂ ತಿಳಿಯದು. ಓದಿದ ಮಗ ಹೇಳಿದ, ತಾಯಿ ರುಜು ಹಾಕಿದಳು. ಪೇಟೆಯಲ್ಲಿ ಒಂದು ಕೆ.ಜಿ. ಬದನೆಕಾಯಿ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ಹೆಂಗಸು!

ಅವಳ ಪ್ರಶ್ನೆಗೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆತನದಲ್ಲಿ ಎರಡು ತಲೆಮಾರಿನ ಬಂಗಾರ ಇಸ್ಪೀಟಿಗೆ ಹೋಗಿದೆ, ಆದರೆ ಬಂಗಾರ ಕಳೆದುಕೊಂಡವರಲ್ಲಿ ಒಬ್ಬಳಿಗೂ ಆ ಆಟವೇನೆಂದು ಗೊತ್ತಿಲ್ಲ. ಗೆಳತಿಯರೇ, ಇದನ್ನು ಶೀಲವೆನ್ನೋಣವೇ, ಪೆದ್ದುತನವೆನ್ನೋಣವೇ?

ಅವತ್ತು ನಾನು ತೀರ್ಮಾನಿಸಿದೆ, ಕಲಿಯಬೇಕು. ಕಲಿಸುವವನು ಬೇರೆ ಯಾರೂ ಅಲ್ಲ, ಅವನೇ. ಕೆಲಸಕ್ಕೆ ರಜೆ ಹಾಕಿ, ಮುಖ ಕೆಳಗೆ ಹಾಕಿಕೊಂಡು ಊರಿಗೆ ಬಂದಿದ್ದ ಹುಡುಗನನ್ನು ಕರೆದು ಕೂರಿಸಿದೆ. "ದೊಡ್ಡಮ್ಮ, ಈ ವಯಸ್ಸಲ್ಲಿ ನಿಮಗ್ಯಾಕೆ?" ಎಂದ. "ನಿನ್ನ ವಯಸ್ಸಲ್ಲಿ ಯಾರೂ ನನಗೆ ಹೇಳಿಕೊಡಲಿಲ್ಲವಲ್ಲಪ್ಪ, ಅದಕ್ಕೆ" ಎಂದೆ. ದುಡ್ಡಿನ ಬದಲು ಚೌಕಾಬಾರಕ್ಕೆಂದು ಡಬ್ಬಿಯಲ್ಲಿಟ್ಟಿದ್ದ ಹುಣಸೆಬೀಜ ತೆಗೆದೆ. ತಲೆಗೆ ನೂರು ಬೀಜ. ಹಾಗೆ ಶುರುವಾಯಿತು ನನ್ನ ಪೋಕರ್ ಪಾಠ.

ಆಟದ ಮೂಲ ನಾಲ್ಕು ಮಾತಿನಲ್ಲಿ ಹೇಳಬಹುದು. ಜೋಕರ್ ಇಲ್ಲದ ಐವತ್ತೆರಡು ಎಲೆ. ಒಬ್ಬೊಬ್ಬರಿಗೂ ಎರಡೆರಡು ಎಲೆ ಕವುಚಿ ಹಂಚುತ್ತಾರೆ. ಅವು ಅವರವರ ಗುಟ್ಟು. ಆಮೇಲೆ ಮಧ್ಯದಲ್ಲಿ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ನಂತರ ಒಂದು, ಕೊನೆಗೊಂದು, ಹೀಗೆ ಐದು ಎಲೆ ಬಿಚ್ಚುತ್ತಾರೆ. ಕೈಯ ಎರಡು, ಮಧ್ಯದ ಐದು, ಈ ಏಳರಲ್ಲಿ ಒಳ್ಳೆಯ ಐದು ಯಾರಿಗಾಗುತ್ತದೋ ಅವರು ಗೆದ್ದರು. ಪ್ರತಿ ಸಲ ಎಲೆ ಬಿದ್ದಾಗಲೂ ಒಂದು ಸುತ್ತು ಪಣ. ಸರದಿ ಬಂದಾಗ ಮುಂದಿನವರು ಕಟ್ಟಿದಷ್ಟೇ ಕಟ್ಟಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಸುಮ್ಮನಾಗಬಹುದು. ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಒಂದಿಷ್ಟು ಕಟ್ಟಬೇಕು, ಅದು ಸರದಿಯಂತೆ ಎಲ್ಲರ ಮೇಲೂ ಬರುತ್ತದೆ. ಇಷ್ಟೇ ಆಟ. ಚೌಕಾಬಾರ, ಅಳಗುಳಿಮಣೆ ಆಡಿ ಬೆಳೆದವರಿಗೆ ಒಂದು ಸಂಜೆಯ ಕೆಲಸ.

ಯಾವ ಕೈ ದೊಡ್ಡದು, ಯಾವುದು ಚಿಕ್ಕದು ಎಂಬಲ್ಲಿ ನನಗೆ ಮೊದಲ ಬೆರಗು ಕಾದಿತ್ತು. ಹಬ್ಬದ ಮೂರೆಲೆ ಆಟದಲ್ಲಿ ಸಾಲು, ಅಂದರೆ ಐದು-ಆರು-ಏಳು ಹೀಗೆ ಬಂದದ್ದು, ಒಂದೇ ಬಣ್ಣದ ಮೂರೆಲೆಗಿಂತ ಮೇಲು. ಪೋಕರಿನಲ್ಲಿ ತಿರುಗುಮುರುಗು: ಒಂದೇ ಬಣ್ಣದ ಐದೆಲೆ ಸಾಲಿಗಿಂತ ಮೇಲು. "ಇದ್ಯಾಕೋ ಹೀಗೆ? ಯಾರು ಮಾಡಿದ ಕಟ್ಟಳೆ?" ಎಂದೆ. ಹುಡುಗ ಕಾಗದ ತೆಗೆದು ಲೆಕ್ಕ ಬರೆದ. ಐವತ್ತೆರಡು ಎಲೆಯಲ್ಲಿ ಮೂರೆಲೆ ಎತ್ತಿದರೆ ಬರಿಯ ಸಾಲು ಆಗುವ ಬಗೆ 720, ಬರಿಯ ಬಣ್ಣ ಆಗುವ ಬಗೆ 1,096. ಸಾಲು ಅಪರೂಪ, ಆದ್ದರಿಂದ ಮೇಲು. ಐದೆಲೆ ಎತ್ತಿದರೆ ಒಟ್ಟು 25,98,960 ಬಗೆ. ಅದರಲ್ಲಿ ಬರಿಯ ಬಣ್ಣ 5,108, ಬರಿಯ ಸಾಲು 10,200. ಇಲ್ಲಿ ಬಣ್ಣ ಅಪರೂಪ. ಅಂದರೆ ಯಾರೋ ಗಂಡಸು ಮೀಸೆ ತಿರುವಿ ಮಾಡಿದ ಕಟ್ಟಳೆಯಲ್ಲ ಇದು, ಬರಿಯ ಎಣಿಕೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎಪ್ಪತ್ತೆಂಟು ತೆಗೆದಿದ್ದ ನನಗೆ ಆ ಹೊತ್ತಿಗೆ ಅಮ್ಮನ ಮೇಲೆ ಸಿಟ್ಟು ಬಂತು. ಆ ರಾಣಿಯ ಎಲೆಯಲ್ಲಿ ಇದ್ದದ್ದು ಪಾಪವಲ್ಲ, ಲೆಕ್ಕ. ಆ ಲೆಕ್ಕವನ್ನು ನನ್ನ ಕೈಯಿಂದ ಕಸಿದು, ಕಳೆಯುವವರ ಕೈಗೇ ಬಿಟ್ಟಿದ್ದರು.

ಎರಡನೆಯ ಪಾಠ ಎಲೆ ಕೆಳಗಿಡುವುದು. ಶುರುವಿನಲ್ಲಿ ನಾನು ಪ್ರತಿ ಕೈಗೂ ಬೀಜ ಹಾಕುತ್ತಿದ್ದೆ. ಹಂಚಿದ ಮೇಲೆ ಆಡದಿದ್ದರೆ ಹೇಗೆ, ಬಡಿಸಿದ ಮೇಲೆ ಉಣ್ಣದೆ ಏಳುವುದುಂಟೇ ಎಂಬ ಭಾವನೆ. ಹುಡುಗ ಹೇಳಿದ, ಚೆನ್ನಾಗಿ ಆಡುವವರು ತುಂಬಿದ ಮೇಜಿನಲ್ಲಿ ಹತ್ತು ಸಲ ಹಂಚಿದರೆ ಏಳೆಂಟು ಸಲ ಆಡದೆಯೇ ಎಲೆ ಇಟ್ಟುಬಿಡುತ್ತಾರೆ. ಕೈಗೆ ಮೊದಲೇ ಜೋಡಿ ಬರುವುದು ಹದಿನೇಳು ಹಂಚಿಕೆಗೆ ಒಂದು ಸಲ. ಎರಡು ಎಕ್ಕ ಬರುವುದಂತೂ 221ಕ್ಕೆ ಒಂದು ಸಲ. ಉಳಿದ ಹೊತ್ತೆಲ್ಲ ಕಾಯುವುದೇ ಆಟ.

ಮೂರನೆಯ ಪಾಠವೇ ತಿರುಳು. ನನ್ನ ಕೈಯಲ್ಲಿ ಎರಡು ಕಳಾವರ, ಮಧ್ಯದ ನಾಲ್ಕು ಎಲೆಯಲ್ಲಿ ಎರಡು ಕಳಾವರ, ಇನ್ನು ಬೀಳುವುದು ಒಂದೇ ಎಲೆ ಎಂದಿಟ್ಟುಕೊಳ್ಳಿ. ಅದೂ ಕಳಾವರವಾದರೆ ಬಣ್ಣ ಆಯಿತು, ಗೆದ್ದಂತೆಯೇ. ಮನಸ್ಸು "ಬರುತ್ತೆ, ಬಂದೇ ಬರುತ್ತೆ" ಎನ್ನುತ್ತದೆ. ಲೆಕ್ಕ ಏನೆನ್ನುತ್ತದೆ? ನಾನು ಕಂಡ ಎಲೆ ಆರು, ಕಾಣದ್ದು ನಲವತ್ತಾರು, ಅದರಲ್ಲಿ ಕಳಾವರ ಒಂಬತ್ತು. ಹೆಚ್ಚುಕಡಿಮೆ ಐದಕ್ಕೆ ಒಂದು. ಈಗ ಮಧ್ಯದ ರಾಶಿಯಲ್ಲಿ ನೂರು ಬೀಜವಿದೆ, ಮುಂದುವರಿಯಲು ನಾನು ಐವತ್ತು ಹಾಕಬೇಕು. ಐವತ್ತು ಕೊಟ್ಟು ನೂರಕ್ಕೆ ಆಸೆಪಡುವುದೆಂದರೆ ಮೂರಕ್ಕೆ ಒಂದು ಸಲವಾದರೂ ಗೆದ್ದರೆ ಮಾತ್ರ ನಷ್ಟವಿಲ್ಲ. ನನಗಿರುವುದು ಐದಕ್ಕೆ ಒಂದು. ಆದ್ದರಿಂದ ಎಲೆ ಕೆಳಗೆ. ಅದೇ ಇಪ್ಪತ್ತೇ ಬೀಜ ಹಾಕಬೇಕಿದ್ದರೆ? ಆರಕ್ಕೆ ಒಂದು ಸಲ ಗೆದ್ದರೆ ಸಾಕು, ಹಾಕಬಹುದು. ಎಲೆ ಅವೇ, ಆಸೆ ಅದೇ, ಬೆಲೆ ಬೇರೆ. ಸಂತೆಯಲ್ಲಿ ನಾವು ದಿನವೂ ಮಾಡುವುದು ಇದನ್ನೇ ಅಲ್ಲವೇ? ಸೀರೆ ಚೆನ್ನಾಗಿದೆಯೋ ಇಲ್ಲವೋ ಎಂದಷ್ಟೇ ಕೇಳುವುದಿಲ್ಲ, ಈ ಬೆಲೆಗೆ ಚೆನ್ನಾಗಿದೆಯೋ ಎಂದು ಕೇಳುತ್ತೇವೆ.

ಪಕ್ಕದಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದ ತಂಗಿ ತಲೆಯೆತ್ತಿ ಮಗನನ್ನು ಕೇಳಿದಳು: "ಈ ಲೆಕ್ಕ ನಿನಗೆ ಆವಾಗ ಗೊತ್ತಿರಲಿಲ್ವೇನೋ?" ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗೊತ್ತಿತ್ತಮ್ಮ. ರಾತ್ರಿ ಹತ್ತು ಗಂಟೇಲಿ ಗೊತ್ತಿರುತ್ತೆ. ಎರಡು ಗಂಟೆಗೆ ಸೋತಿರುವಾಗ ಗೊತ್ತಿರಲ್ಲ" ಎಂದ.

ಈ ಮಾತನ್ನು ನಾನು ಮುಚ್ಚಿಡುವುದಿಲ್ಲ, ನನ್ನ ವಾದಕ್ಕೆ ಇದು ಅಡ್ಡ ಬಂದರೂ ಸರಿಯೇ. ಕಲಿತ ಮಾತ್ರಕ್ಕೆ ಯಾರೂ ಪಾರಾಗುವುದಿಲ್ಲ. ಮೂರನೆಯ ವಾರ ಒಂದು ರಾತ್ರಿ ನನ್ನ ನೂರು ಬೀಜದಲ್ಲಿ ಎಂಬತ್ತು ಹೋಗಿತ್ತು, ಗಂಟೆ ಹನ್ನೊಂದು, ಹಾಲಿಗೆ ಹೆಪ್ಪು ಹಾಕಿರಲಿಲ್ಲ. "ಇನ್ನೊಂದೇ ಕೈ, ಹಂಚೋ" ಎಂದೆ. ಅಂದ ಕೂಡಲೇ ಮೈ ಜುಮ್ಮೆಂದಿತು. ಅದು ಅಪ್ಪನ ಧ್ವನಿ, ಅಪ್ಪನದೇ ಮಾತು. ಬೀದಿಯಲ್ಲಿ ಬಿದ್ದರೂ ಯಾರೂ ಎತ್ತದ ಹುಣಸೆಬೀಜಕ್ಕೇ ನನಗೆ ಹೀಗಾದರೆ ದುಡ್ಡಿಗೆ ಏನಾಗಬೇಡ! ಅಪ್ಪನನ್ನು ಅವತ್ತು ಮೊದಲ ಸಲ ಅರ್ಥ ಮಾಡಿಕೊಂಡೆ. ಕ್ಷಮಿಸಿದೆನೋ ಇಲ್ಲವೋ ಬೇರೆ ಮಾತು.

ಹಾಗಾದರೆ ಕಲಿತು ಏನು ಪ್ರಯೋಜನ ಎನ್ನುತ್ತೀರಾ? ಇಲ್ಲಿಯೇ ನನ್ನ ಮಾತಿರುವುದು. ಆಡುವವನಿಗೆ ಎರಡು ಗಂಟೆಯ ರಾತ್ರಿಯಲ್ಲಿ ಲೆಕ್ಕ ಮರೆಯುತ್ತದೆ. ಆದರೆ ಅಡವಿಡುವವಳಿಗೆ, ರುಜು ಹಾಕುವವಳಿಗೆ, ಬೀರುವಿನ ಕೀಲಿ ಕೊಡುವವಳಿಗೆ ಮರೆಯಬೇಕಾಗಿಲ್ಲ. ಅವಳು ಹಗಲು ಬೆಳಕಿನಲ್ಲಿ ಕೂತಿರುತ್ತಾಳೆ. ಅವಳಿಗೆ ಲೆಕ್ಕ ಬಂದಿದ್ದರೆ ಕೇಳುತ್ತಿದ್ದಳು: ಎಷ್ಟು ಹಾಕಬೇಕು, ಎಷ್ಟಕ್ಕೆ, ಎಷ್ಟರಲ್ಲಿ ಒಂದು? ಅಳುವ ತಾಯಿಗೆ ಮಗ ಸಮಾಧಾನ ಹೇಳಿ ಹೊರಟುಬಿಡುತ್ತಾನೆ. ಲೆಕ್ಕ ಕೇಳುವ ತಾಯಿಗೆ ಉತ್ತರ ಹೇಳದೆ ಹೊರಡಲಾರ.

ನನಗೆ ಮೂರು ಬಗೆಯ ಜನರೊಡನೆ ಜಗಳವಿದೆ.

ಮೊದಲನೆಯವರು "ಮುಟ್ಟಬೇಡ" ಎನ್ನುವ ಹಿರಿಯರು. ಇವರ ಉದ್ದೇಶ ಒಳ್ಳೆಯದೇ. ಆದರೆ ಇವರ ನಿಷೇಧ ಬಿದ್ದದ್ದು ಯಾರ ಮೇಲೆ? ಆಡಿದ ಅಪ್ಪನಿಗೆ ಯಾರೂ ಕಪಾಳಕ್ಕೆ ಹೊಡೆಯಲಿಲ್ಲ. ಎಲೆ ಎತ್ತಿ ನೋಡಿದ ಹುಡುಗಿಗೆ ಹೊಡೆದರು. ಗಂಡಸಿಗೆ ಅದು ಚಟ, ಹೆಚ್ಚೆಂದರೆ ದುರ್ಬುದ್ಧಿ. ಹೆಂಗಸಿಗೆ ಕುಲಗೆಟ್ಟ ಕೆಲಸ. ಪುರಾಣ ಬಲ್ಲ ಹಿರಿಯರಿಗೆ ಪುರಾಣವನ್ನೇ ನೆನಪಿಸುತ್ತೇನೆ. ಕನಕದಾಸರು ನಳಚರಿತ್ರೆ ಬರೆದು ಕನ್ನಡಿಗರ ಮನೆಮನೆಗೆ ಮುಟ್ಟಿಸಿದ ಆ ನಳನ ಕಥೆ ಮಹಾಭಾರತದ ವನಪರ್ವದ್ದು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳನನ್ನು ಕಲಿ ಯಾವಾಗ ಬಿಟ್ಟ? ಉಪವಾಸ ಮಾಡಿದಾಗಲ್ಲ, ಇನ್ನು ಮುಟ್ಟುವುದಿಲ್ಲವೆಂದು ಆಣೆಯಿಟ್ಟಾಗಲೂ ಅಲ್ಲ. ಋತುಪರ್ಣ ರಾಜ ದಾರಿಯಲ್ಲಿ ತಾರೆಮರದ ಎಲೆ, ಕಾಯಿಗಳ ಸಂಖ್ಯೆಯನ್ನು ನೋಟದಲ್ಲೇ ಹೇಳಿದ. ನಳ ರಥದಿಂದಿಳಿದು ಎಣಿಸಿ ನೋಡಿದ, ಸರಿಯಾಗಿತ್ತು. ಆ ಎಣಿಕೆಯ ವಿದ್ಯೆಯನ್ನೂ ಅಕ್ಷಹೃದಯವನ್ನೂ ಕಲಿತ ಕ್ಷಣದಲ್ಲಿ ಕಲಿ ಅವನ ಮೈಬಿಟ್ಟು ಹೊರಬಿದ್ದ. ಈ ಕಥೆಯನ್ನು ಕಾಡಿನಲ್ಲಿ ಧರ್ಮರಾಯನಿಗೆ ಹೇಳಿದ ಬೃಹದಶ್ವ ಮುನಿ, ಕೊನೆಗೆ ಅವನಿಗೂ ಅಕ್ಷಹೃದಯವನ್ನು ಉಪದೇಶಿಸಿದ. ಧರ್ಮರಾಯ ಮೊದಲು ಆಡಿದ, ಆಮೇಲೆ ಕಲಿತ! ಇರಲಿ, ಅವನಿಗಾದರೂ ಒಬ್ಬ ಮುನಿ ಸಿಕ್ಕಿದ. ಪಣಕ್ಕೆ ಬಿದ್ದ ದ್ರೌಪದಿಗೆ ಯಾರು ಹೇಳಿಕೊಟ್ಟರು? ಆದರೂ ಸಭೆಯಲ್ಲಿ ಲೆಕ್ಕದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ: ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು? ಭೀಷ್ಮನಂಥ ಭೀಷ್ಮನೂ ಉತ್ತರ ಹೇಳಲಾರದೆ ಹೋದ. ಸ್ತ್ರೀಧನ ಹೆಂಗಸಿನ ಸ್ವಂತದ್ದು, ಗಂಡನಿಗಾಗಲಿ ಅವನ ಮನೆಯವರಿಗಾಗಲಿ ಅದರ ಮೇಲೆ ಒಡೆತನವಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟು ಪ್ರತಿಭಾ ರಾಣಿ ಪ್ರಕರಣದಲ್ಲಿ 1985ರಲ್ಲಿ ಹೇಳಿತು. ಆದರೆ ಕೇಳಿದ ಕೂಡಲೇ ಬಳೆ ಬಿಚ್ಚಿಕೊಡುವವಳನ್ನು ಯಾವ ಕೋರ್ಟು ಕಾಯುತ್ತದೆ?

ಎರಡನೆಯವರು "ಇದು ಕೌಶಲದ ಆಟ" ಎನ್ನುವವರು. ಇವರು ಹೇಳುವುದು ಸುಳ್ಳಲ್ಲ, ಅದಕ್ಕೇ ಹೆಚ್ಚು ಅಪಾಯ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿ ಮೂರೆಲೆಯಿಂದ ಬೇರೆ ಮಾಡಿತು. 2013ರಲ್ಲಿ ಕರ್ನಾಟಕದ ಹೈಕೋರ್ಟು, ಕೌಶಲದ ಆಟವಾಗಿ ಪೋಕರ್ ಆಡುವುದಾದರೆ ಪರವಾನಗಿ ಬೇಕಿಲ್ಲವೆಂದಿತು. 2017ರಲ್ಲಿ ಗುಜರಾತಿನ ಹೈಕೋರ್ಟು ಅದೇ ಪೋಕರನ್ನು ಜೂಜೆಂದಿತು. ನಮ್ಮ ಸರ್ಕಾರ 2021ರಲ್ಲಿ ಪಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರೆ, 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ತಂಗಿಯ ಮಗ ಹೇಳಿದ "ಹೈಕೋರ್ಟೇ ಹೇಳಿದೆ" ಎಂಬುದರ ಹಿನ್ನೆಲೆ ಇದು. ಆದರೆ ಕೋರ್ಟು ಹೇಳಿದ್ದು ಕಾನೂನಿನ ಮಾತು, ನಿನಗೆ ಕೌಶಲವಿದೆ ಎಂದಲ್ಲ! ಕುಸ್ತಿಯೂ ಕೌಶಲವೇ, ಹಾಗೆಂದು ಪೈಲ್ವಾನರ ಅಖಾಡಕ್ಕೆ ನಾನು ಇಳಿದರೆ ಮೂಳೆ ಉಳಿದೀತೇ? ಬರಿಯ ಅದೃಷ್ಟದ ಆಟದಲ್ಲಿ ದಡ್ಡನೂ ಜಾಣನೂ ಸಮ. ಕೌಶಲದ ಆಟದಲ್ಲಿ ಜಾಣನ ಗೆಲುವೆಲ್ಲ ಹೊಸಬನ ಜೇಬಿನಿಂದಲೇ ಬರಬೇಕು, ಮತ್ತೆಲ್ಲಿಂದಲೂ ಅಲ್ಲ.

ಇದಕ್ಕಿಂತ ದೊಡ್ಡ ಲೆಕ್ಕ ಒಂದಿದೆ, ಅದನ್ನು ಯಾವ ಜಾಹೀರಾತೂ ಹೇಳಲಿಲ್ಲ. ಆಡಿಸುವವರು ಪ್ರತಿ ರಾಶಿಯಿಂದ ತಮ್ಮ ಪಾಲು ತೆಗೆಯುತ್ತಾರೆ. ಒಂದು ಉದಾಹರಣೆ ಕಟ್ಟೋಣ. ಆರು ಜನ ತಲಾ ಸಾವಿರ ತಂದರು, ಒಟ್ಟು ಆರು ಸಾವಿರ. ಒಂದೊಂದು ಕೈಯಲ್ಲಿ ಸರಾಸರಿ ಇನ್ನೂರು ರೂಪಾಯಿ ರಾಶಿ, ಅದರಲ್ಲಿ ನೂರಕ್ಕೆ ಐದರಂತೆ ಹತ್ತು ರೂಪಾಯಿ ಆಡಿಸುವವರಿಗೆ. ಗಂಟೆಗೆ ಮೂವತ್ತು ಕೈ ಎಂದರೆ ಮುನ್ನೂರು ರೂಪಾಯಿ. ಹತ್ತು ಗಂಟೆ ಆಡಿದರೆ ಮೂರು ಸಾವಿರ. ಆರು ಜನ ತಂದ ದುಡ್ಡಿನಲ್ಲಿ ಅರ್ಧ ಯಾರೂ ಗೆಲ್ಲದೆಯೇ ಮಾಯ! ಆಡಿಸುವವನು ಒಂದು ಎಲೆಯನ್ನೂ ಎತ್ತಲಿಲ್ಲ, ಒಂದು ಕೈಯನ್ನೂ ಸೋಲಲಿಲ್ಲ. ಕೋರ್ಟಿನ ವ್ಯಾಜ್ಯಕ್ಕೆ ಹೇಳುವ "ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಕೌಶಲದ ವಾದಿಗಳು ಹೆಮ್ಮೆಯಿಂದ ಎತ್ತಿ ತೋರುವ ಆ 1967ರ ತೀರ್ಪಿನಲ್ಲೇ, ಪಣದ ಆಟದಿಂದ ಮನೆಯವನೋ ಕ್ಲಬ್ಬಿನವನೋ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾದೀತು ಎಂಬ ಮಾತೂ ಇದೆ. ಅದನ್ನು ಮಾತ್ರ ಇವರು ಓದುವುದಿಲ್ಲ.

ಮೂರನೆಯವರು ಹೊಸ ಕಾಲದ ಗೆಳತಿಯರು. "ಗಂಡಸರು ಆಡಬಹುದಾದರೆ ನಾವೂ ಆಡೋಣ, ಸಮಾನತೆ" ಎನ್ನುವವರು. ಹೆಂಗಸರಿಗೆ ಈ ಬುದ್ಧಿ ಇಲ್ಲವೆಂದು ನಾನೂ ಹೇಳುವುದಿಲ್ಲ. ಅಮೆರಿಕದ ಲಾಸ್ ವೇಗಸ್‌ನಲ್ಲಿ 1970ರಿಂದ ನಡೆಯುವ ಪೋಕರಿನ ವಿಶ್ವಸ್ಪರ್ಧೆಯ ಮುಖ್ಯ ಪಂದ್ಯದಲ್ಲಿ ಬಾರ್ಬರಾ ಎನ್‌ರೈಟ್ ಎಂಬಾಕೆ 1995ರಲ್ಲಿ ಕೊನೆಯ ಮೇಜಿನವರೆಗೆ ಬಂದು ಐದನೆಯವಳಾದಳು. ಹಾಗೆ ಬಂದ ಮೊದಲ ಹೆಂಗಸು ಅವಳು. ಮರಿಯಾ ಕೊನ್ನಿಕೋವಾ ಎಂಬ ಮನಶ್ಶಾಸ್ತ್ರ ಓದಿದ ಬರಹಗಾರ್ತಿ, ಏನೂ ಬಾರದೆ ಆಟ ಕಲಿಯಹೊರಟು 2018ರಲ್ಲಿ ಒಂದು ದೊಡ್ಡ ಪಂದ್ಯವನ್ನೇ ಗೆದ್ದಳು, ಆ ಅನುಭವವನ್ನು ಪುಸ್ತಕವಾಗಿ ಬರೆದಳು. ಸಂತೋಷ. ಆದರೆ ಆಕೆ ಕಲಿತದ್ದು ಆಟದ ದೊಡ್ಡ ಗುರುವೊಬ್ಬನ ಕೈಕೆಳಗೆ, ಹಗಲೂ ರಾತ್ರಿ ಅದನ್ನೇ ವೃತ್ತಿಯಂತೆ ಮಾಡಿ. ಅಡುಗೆ ಮುಗಿಸಿ ಮೊಬೈಲು ಹಿಡಿದು ಕೂತವಳ ಕಥೆ ಅದಲ್ಲ. ಗಂಡಸರು ಬಿದ್ದ ಹಳ್ಳಕ್ಕೆ ನಾವೂ ಬೀಳುವ ಹಕ್ಕನ್ನು ಸಮಾನತೆ ಎನ್ನುವುದಾದರೆ ನನಗದು ಬೇಡ. ನನಗೆ ಬೇಕಾದ ಸಮಾನತೆ ಹಳ್ಳ ಎಷ್ಟು ಆಳ ಎಂದು ತಿಳಿಯುವುದರಲ್ಲಿದೆ.

ಈಗ ಕಾನೂನು ಬಂದಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬಿಟ್ಟು, ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯಿದೆ ಮಾಡಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಒಳ್ಳೆಯದಾಯಿತು. ಆದರೆ ನನ್ನ ತಂಗಿಯ ಪಾಲಿಗೆ ಅದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮೇಲಾಗಿ ಜಗಲಿಯ ಜಮಖಾನ ಆನ್‌ಲೈನ್ ಅಲ್ಲ. ಆಟದ ಹೆಸರು ಬದಲಾಗುತ್ತದೆ, ಎಲೆಯ ಬದಲು ಬೇರೆ ಯಾವುದೋ ಬರುತ್ತದೆ. "ಇದು ಜೂಜಲ್ಲಮ್ಮ" ಎಂಬ ಮಾತು ಮಾತ್ರ ಬದಲಾಗುವುದಿಲ್ಲ. ಕಾನೂನು ಬೀದಿಯನ್ನು ಕಾದೀತು, ಬೀರುವನ್ನು ನಾವೇ ಕಾಯಬೇಕು.

ಆದ್ದರಿಂದ ನನ್ನ ಮಾತು ಇಷ್ಟು. ಹೆಣ್ಣುಮಕ್ಕಳಿಗೆ ಇಸ್ಪೀಟು ಮುಟ್ಟಬೇಡ ಎನ್ನಬೇಡಿ. ಕೂರಿಸಿಕೊಂಡು ಎಣಿಸಲು ಹೇಳಿಕೊಡಿ. ಹತ್ತನೆಯ ತರಗತಿಯ ಗಣಿತದಲ್ಲಿ ಸಂಭವನೀಯತೆ ಎಂಬ ಪಾಠವಿದೆ, ಐವತ್ತೆರಡು ಎಲೆಯ ಲೆಕ್ಕ ಅದರಲ್ಲೇ ಬರುತ್ತದೆ. ಮಕ್ಕಳು ಪರೀಕ್ಷೆಗೆ ಬರೆದು ಮರೆಯುತ್ತಾರೆ. ಆ ಪುಸ್ತಕ ಮುಚ್ಚುವ ಮೊದಲು ನೀವೂ ಒಮ್ಮೆ ಅವರ ಜೊತೆ ಕೂರಿ. ಬೀಜವಿಟ್ಟು ಆಡಿ, ಸೋಲಿ, ಸೋತಾಗ ಮನಸ್ಸು ಏನೆನ್ನುತ್ತದೆಂದು ಕೇಳಿಸಿಕೊಳ್ಳಿ. ಅದು ಒಮ್ಮೆ ನಿಮ್ಮ ಒಳಗೇ ಕೇಳಿಸಿದರೆ, ಇನ್ನೊಬ್ಬರ ಬಾಯಲ್ಲಿ ಬಂದಾಗ ಗುರುತು ಸಿಗುತ್ತದೆ. ದುಡ್ಡಿಟ್ಟು ಮಾತ್ರ ಬೇಡ. ಈ ಒಂದು ವಿಷಯದಲ್ಲಿ ನಾನೂ ಅಮ್ಮನ ಮಗಳೇ.

ಹುಡುಗ ಈಗ ಕೆಲಸಕ್ಕೆ ಮರಳಿದ್ದಾನೆ, ತಿಂಗಳು ತಿಂಗಳೂ ಸಾಲ ತೀರಿಸುತ್ತಿದ್ದಾನೆ. ಬಳೆ ಬಿಡಿಸಿ ತಂದದ್ದಾಗಿದೆ. ಅವಲಕ್ಕಿ ಸರ ಇನ್ನೂ ಬರಬೇಕು. ಹೋದ ಯುಗಾದಿಗೆ ತಂಗಿಯ ಮನೆ ಜಗಲಿಯಲ್ಲಿ ಎಂದಿನಂತೆ ಆಟ. ಸಂಜೆ ಅವಳ ಮೈದುನ ಒಳಗೆ ಬಂದು, "ಅತ್ತಿಗೆ, ಒಂದು ಐನೂರು ಇದ್ರೆ ಕೊಡಿ, ಒಂದೇ ಕೈ, ಈಗಲೇ ವಾಪಸ್" ಎಂದ. ಪ್ರತಿ ವರ್ಷ ಸಾಸಿವೆ ಡಬ್ಬಿಯಿಂದ ತೆಗೆದು ಕೊಡುತ್ತಿದ್ದವಳು ಈ ಸಲ ಒಲೆಯ ಕಡೆಯಿಂದ ತಿರುಗಿ ಕೇಳಿದಳು: "ಮಧ್ಯದಲ್ಲಿ ಎಷ್ಟಿದೆ? ನೀವು ಎಷ್ಟು ಹಾಕಬೇಕು? ಎಷ್ಟರಲ್ಲಿ ಒಂದು ಬರುತ್ತೆ?"

ಅವನು ನಗಲು ಹೊರಟವನು ನಗದೆ ನಿಂತ. ಸ್ವಲ್ಪ ಹೊತ್ತು ಕಾಫಿಯ ಲೋಟ ನೋಡುತ್ತಿದ್ದು, ಹಾಗೇ ಹೊರಗೆ ಹೋದ. ಸಾಸಿವೆ ಡಬ್ಬಿಯ ಮುಚ್ಚಳ ಅವತ್ತು ತೆಗೆಯಲಿಲ್ಲ.